ಅಂಬಾರಿ ನಡಿಗೆ, ಪಾರಿಜಾತದ ಬಟ್ಟಲು: ದಸರಾ–ದೀಪಾವಳಿ ಕಾಲಕ್ಕೆ ಪುಟ್ಟ ಮಕ್ಕಳ ನಿಧಾನದ ಆಟಗಳು

ಸೆಪ್ಟೆಂಬರ್ ಬಂದರೆ ಸಾಕು, ಎಷ್ಟೋ ನರ್ಸರಿಗಳ ಗೋಡೆಗೆ ಕಿತ್ತಳೆ ಬಣ್ಣದ ಮೇಪಲ್ ಎಲೆ ಏರುತ್ತದೆ. ಜೊತೆಗೆ ಕುಂಬಳಕಾಯಿ, ಬಾಯಲ್ಲಿ ಕಾಯಿ ಕಚ್ಚಿಕೊಂಡ ಅಳಿಲು. ಮೈಸೂರಿನಲ್ಲಿ ಆ ಹೊತ್ತಿಗೆ ಮರಗಳೆಲ್ಲ ಮಳೆ ಕುಡಿದು ದಟ್ಟ ಹಸಿರು. ನಮ್ಮಲ್ಲಿ ಎಲೆ ಉದುರುವುದು ಹೆಚ್ಚಾಗಿ ಸಂಕ್ರಾಂತಿಯ ಆಸುಪಾಸಿನಲ್ಲಿ, ಅದರ ನಂತರ. ಬಾದಾಮಿ ಮರದಡಿ ಅಲ್ಲೊಂದು ಇಲ್ಲೊಂದು ಕೆಂಪೆಲೆ ಸಿಗಬಹುದು, ಅಷ್ಟೇ. "ಈಗ ಎಲೆ ಕೆಂಪಾಗುವ ಕಾಲ" ಎಂದು ಹೇಳಿಕೊಟ್ಟು, ಕಿಟಕಿಯಾಚೆ ಹಸಿರು ಕಂಡರೆ ಮೂರು ವರ್ಷದ ಮಗು ಯಾವುದನ್ನು ನಂಬಬೇಕು ಹೇಳಿ?

ನಮ್ಮ ಶರತ್ಕಾಲದ ಗುರುತುಗಳೇ ಬೇರೆ. ಪಾರಿಜಾತ ಉದುರುತ್ತದೆ. ಆಕಾಶ ಮಲ್ಲಿಗೆ ಉದುರುತ್ತದೆ. ಗಾಡಿಯಲ್ಲಿ ಸೀತಾಫಲ, ಹಸಿ ಕಡಲೆಕಾಯಿ ಬರುತ್ತವೆ. ಅಟ್ಟದಿಂದ ಗೊಂಬೆಗಳು ಇಳಿಯುತ್ತವೆ. ನಮ್ಮೂರಿಗಂತೂ ಆನೆಗಳೇ ಬರುತ್ತವೆ.

ನಾನು ಮನೆಯ ಕೆಳಮನೆಯಲ್ಲೇ ಒಂದು ಸಣ್ಣ ಶಿಶುವಿಹಾರ ನಡೆಸುತ್ತೇನೆ. 3ರಿಂದ 5 ವರ್ಷದ ಮಕ್ಕಳು. ಈ ಎರಡು ತಿಂಗಳು ಅವರು ಹೆಚ್ಚು ಚಡಪಡಿಸುತ್ತಾರೆ. ನೆಂಟರು, ಸ್ವೀಟು, ಪಟಾಕಿ. ಲೈಟಿಂಗ್ ನೋಡಲು ಹೋಗಿ ಮಲಗುವುದು ರಾತ್ರಿ ಹನ್ನೊಂದಕ್ಕೆ. ಬೆಳಿಗ್ಗೆ ಅರೆ ನಿದ್ದೆಯಲ್ಲಿ ಬಂದು ಅಳು, ಜಗಳ. ಮೈಂಡ್‌ಫುಲ್‌ನೆಸ್, ಅಂದರೆ ಈಗ ಮಾಡುತ್ತಿರುವುದರ ಮೇಲೆಯೇ ಗಮನ ಇಡುವುದು, ಬೇಕಾಗುವುದು ಇಂಥ ಹೊತ್ತಿನಲ್ಲೇ.

ಆದರೆ ಹಾಗೆಂದ ತಕ್ಷಣ ಚಕ್ಕಳಮಕ್ಕಳ ಹಾಕಿಸಿ, ಕಣ್ಣು ಮುಚ್ಚಿಸಿ, ಸುಮ್ನೆ ಕೂರಿಸುವವರೇ ಜಾಸ್ತಿ. ಈ ವಯಸ್ಸಿಗೆ ಅದು ಶಿಕ್ಷೆ. ಇವರ ಗಮನ ಇರುವುದು ಬೆರಳಿನಲ್ಲಿ, ಅಂಗಾಲಿನಲ್ಲಿ, ಮೂಗಿನಲ್ಲಿ. ಅವಸರ ಮಾಡಿದರೆ ಕೆಟ್ಟೇ ಹೋಗುವಂಥ ಒಂದು ಕೆಲಸ ಕೊಡಿ ಸಾಕು. "ನಿಧಾನ, ನಿಧಾನ" ಎಂದು ನೀವು ಕೂಗಬೇಕಾಗಿಲ್ಲ, ಕೆಲಸವೇ ಹೇಳುತ್ತದೆ. ಕೆಳಗಿನ ಆಟಗಳನ್ನೆಲ್ಲ ನಾನು ಆರಿಸಿಕೊಂಡಿರುವುದು ಇದೊಂದೇ ಲೆಕ್ಕದಲ್ಲಿ.

ಹೊತ್ತಿನ ವಿಚಾರ: ಮೂರು ವರ್ಷದವರಿಗೆ ಎರಡು ಮೂರು ನಿಮಿಷ. ಐದು ವರ್ಷದವರಿಗೆ ಐದು ನಿಮಿಷ. ಬೇಜಾರಾಗುವ ಮುಂಚೆಯೇ ನಿಲ್ಲಿಸಿ. "ಇನ್ನೊಂದ್ಸಲ ಮಿಸ್" ಎಂದರೆ ನಾಳೆಗೆ ಉಳಿಸಿ.

ಅಂಬಾರಿ ನಡಿಗೆ

ಗಜಪಯಣ ಮುಗಿಸಿ ಊರಿಗೆ ಬಂದ ಆನೆಗಳಿಗೆ ಅರಮನೆಯಿಂದ ಬನ್ನಿಮಂಟಪದವರೆಗೆ ತಾಲೀಮು ಇರುತ್ತದೆ. ಸುಮಾರು 5 ಕಿಲೋಮೀಟರ್ ದಾರಿ. ಮೊದಮೊದಲು ಬರಿ ಬೆನ್ನಿನಲ್ಲಿ ನಡೆಸುತ್ತಾರೆ. ಆಮೇಲೆ ಮರಳಿನ ಮೂಟೆ ಹೊರಿಸಿ ಭಾರವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ಬಳಿಕ ಮರದ ಅಂಬಾರಿ. ವಿಜಯದಶಮಿಯ ದಿನ 750 ಕೆಜಿಯ ಚಿನ್ನದ ಅಂಬಾರಿ. ಅಷ್ಟು ಭಾರ ಹೊತ್ತ ಆನೆ ಓಡುವುದಿಲ್ಲ, ತಲೆ ಕೊಡವುವುದಿಲ್ಲ, ಒಂದೊಂದೇ ಹೆಜ್ಜೆ ಇಡುತ್ತದೆ. ನಮ್ಮ ಮಕ್ಕಳಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. 2020ರಲ್ಲಿ ಮೊದಲ ಸಲ ಅಂಬಾರಿ ಹೊತ್ತ ಅಭಿಮನ್ಯು ಇವರಿಗೆ ಮನೆಯವನಿದ್ದಂತೆ.

ಆಟವನ್ನೂ ತಾಲೀಮಿನ ಹಾಗೆಯೇ ಮೆಟ್ಟಿಲು ಮೆಟ್ಟಿಲಾಗಿ ಮಾಡಿ. ಹಳೆ ಹತ್ತಿ ಬಟ್ಟೆಯಲ್ಲಿ ಅಂಗೈಯಗಲದ ಚೀಲ ಹೊಲಿಯಿರಿ. ನೆಲದ ಮೇಲೆ ಗೋಡೆಯಿಂದ ಗೋಡೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಮೊದಲ ದಿನ ತಲೆ ಮೇಲೆ ಏನೂ ಬೇಡ. ಬರಿಗಾಲಲ್ಲಿ, ಹಿಮ್ಮಡಿ ಮೊದಲು, ಆಮೇಲೆ ಬೆರಳು. ಮರುದಿನ ಖಾಲಿ ಚೀಲ. ಅದು ನಿಂತ ಮೇಲೆ ಒಂದು ಹಿಡಿ ಅಕ್ಕಿ ತುಂಬಿ ಬಾಯಿ ಹೊಲಿದ ಚೀಲ. ಚೀಲ ಗಟ್ಟಿಯಾಗಿ ಉಬ್ಬಿರಬಾರದು, ತಲೆಗೆ ಅಂಟಿ ಕೂರುವಷ್ಟು ಸಡಿಲವಾಗಿರಬೇಕು. ತಲೆಯ ಮೇಲೆ ಇಟ್ಟುಕೊಳ್ಳಲು ಇಷ್ಟವಿಲ್ಲದ ಮಕ್ಕಳು ಅಂಗೈ ಮೇಲೆ ಹೊರಲಿ.

ಅಂಬಾರಿ ಆನೆಯ ಎಡಬಲಕ್ಕೆ ಕುಮ್ಕಿ ಆನೆಗಳು ನಡೆಯುತ್ತವಲ್ಲ, ಇಲ್ಲಿಯೂ ಇಬ್ಬರು ಕುಮ್ಕಿಗಳು ಬೇಕು. ಅವರು ಮುಟ್ಟುವ ಹಾಗಿಲ್ಲ, ತಳ್ಳುವ ಹಾಗಿಲ್ಲ. ಅಂಬಾರಿ ಆನೆ ಎಷ್ಟು ನಿಧಾನವೋ ತಾವೂ ಅಷ್ಟೇ ನಿಧಾನ. ನನ್ನ ಕೇಳಿದರೆ ಅಂಬಾರಿ ಹೊರುವುದಕ್ಕಿಂತ ಕುಮ್ಕಿ ಆಗುವುದೇ ಕಷ್ಟ. ಇನ್ನೊಬ್ಬರ ಹೆಜ್ಜೆ ನೋಡಿ ನಡೆಯಬೇಕಲ್ವಾ? ತರಗತಿಯಲ್ಲಿ ಯಾರು ತುಂಬಾ ತಳ್ಳಾಡುತ್ತಾರೋ ಅವರಿಗೆ ಈ ಕೆಲಸ ಕೊಟ್ಟು ನೋಡಿ.

ಚೀಲ ಬಿದ್ದರೆ ಔಟ್ ಇಲ್ಲ. ನಿಂತು, ಎತ್ತಿ, ಇಟ್ಟುಕೊಂಡು ಅಲ್ಲಿಂದಲೇ ಮುಂದೆ. ಬ್ಯಾಂಡಿನ ಹಾಡು ಹಾಕೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಹಾಡು ಬಂದರೆ ಕುಣಿತ ಬರುತ್ತದೆ, ನಡಿಗೆ ಹೋಗುತ್ತದೆ. ಗೆರೆ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿ: "ನೆಲ ಎಲ್ಲಿ ತಣ್ಣಗಿತ್ತು?" ಕಿಟಕಿಯ ಬಿಸಿಲು ಬಿದ್ದ ಜಾಗ ದಾಟಿ ಬಂದ ಮಗು ಥಟ್ಟನೆ ತೋರಿಸುತ್ತದೆ. ಕೆಲವರು ಮತ್ತೆ ಹೋಗಿ ಪರೀಕ್ಷೆ ಮಾಡಿಕೊಂಡು ಬರುತ್ತಾರೆ.

ಯಾರಿಗಾದರೂ ಬೇಡವೆನಿಸಿದರೆ ಬಲವಂತ ಮಾಡಬೇಡಿ. ಅವರು ಮಾವುತರು. ಗೆರೆಯ ಪಕ್ಕ ಕೂತು ಆನೆ ನೋಡಿಕೊಳ್ಳಲಿ. ನೋಡುವುದೂ ಆಟವೇ.

ಪಾರಿಜಾತ

ಪಾರಿಜಾತ ಸಂಜೆ ಅರಳಿ ಬೆಳಗಾಗುವಷ್ಟರಲ್ಲಿ ಉದುರಿರುತ್ತದೆ. ರಾತ್ರಿಯೇ ಮರದ ಕೆಳಗೆ ಒಂದು ಹಳೆ ಪಂಚೆ ಹಾಸಿಡಿ. ಬಿಸಿಲೇರುವ ಮುಂಚೆ ಮಕ್ಕಳನ್ನು ಕರೆದುಕೊಂಡು ಹೋಗಿ. ಶಾಲೆಯ ಹೊತ್ತಿಗೆ ಹೂವು ಬಾಡಿರುವುದರಿಂದ ಇದನ್ನು ಮನೆಯಲ್ಲಿ, ತಾತನ ಜೊತೆಗೋ ಅಜ್ಜಿಯ ಜೊತೆಗೋ ಮಾಡುವುದೇ ಸಲೀಸು. ಬೇರೆ ಹೂವಾದರೆ ನೆಲಕ್ಕೆ ಬಿದ್ದದ್ದನ್ನು ದೇವರಿಗೆ ಏರಿಸುವುದಿಲ್ಲ. ಪಾರಿಜಾತಕ್ಕೆ ಆ ಕಟ್ಟಿಲ್ಲ. ಹಾಗಾಗಿ ಮಕ್ಕಳು ಆರಿಸಿದ ಹೂವು ನೇರ ದೇವರ ಮನೆಗೆ ಹೋಗುತ್ತದೆ. ತನ್ನ ಕೆಲಸ ನಿಜವಾದ ಕೆಲಸ ಎಂದು ಗೊತ್ತಾದರೆ ಮಗು ಅದನ್ನು ಮಾಡುವ ರೀತಿಯೇ ಬದಲಾಗುತ್ತದೆ.

ಒಂದು ಅಗಲ ಬಟ್ಟಲಿಗೆ ನೀರು ಹಾಕಿ ಕೊಡಿ. ನಿಯಮ ಎರಡೇ. ಒಂದು ಸಲಕ್ಕೆ ಒಂದೇ ಹೂವು. ಕೇಸರಿ ತೊಟ್ಟನ್ನೇ ಹಿಡಿಯಬೇಕು, ಎಸಳು ಮುಟ್ಟುವ ಹಾಗಿಲ್ಲ. ಎಸಳು ಎಷ್ಟು ಮೆತ್ತಗೆಂದರೆ ಬೆರಳು ಒತ್ತಿದ ಕಡೆ ಕಪ್ಪಾಗುತ್ತದೆ. ಮುಷ್ಟಿ ತುಂಬ ಬಾಚಿಕೊಂಡ ಮಗುವಿಗೆ ನೀವು ಬೈಯುವುದು ಬೇಡ, ಹೂವನ್ನು ತೋರಿಸಿದರೆ ಆಯಿತು. ಬಟ್ಟಲಿಗೆ ಬಿಡುವಾಗ ಸ್ವಲ್ಪ ಮೇಲಿನಿಂದ ಬಿಡಲಿ. ಅದು ತಿರುಗುತ್ತಾ ಇಳಿಯುವುದನ್ನು ನೋಡಲಿ. ಮೂಸುವ ಮುಂಚೆ ಹೂವನ್ನು ಒಮ್ಮೆ ಕೊಡವಿ ನೋಡಿ, ಇರುವೆ ಇರುತ್ತದೆ.

ನಾಲ್ಕು ದಾಟಿದವರಾದರೆ ಎಸಳು ಎಣಿಸಲಿ. ಐದಿರುವುದೂ ಉಂಟು, ಆರು, ಏಳು, ಎಂಟಿರುವುದೂ ಉಂಟು. ಒಂದು ಹೂವಿನ ಲೆಕ್ಕ ಇನ್ನೊಂದಕ್ಕೆ ಬರುವುದಿಲ್ಲ, ಅದರಿಂದ ಪ್ರತಿ ಹೂವನ್ನೂ ನೋಡಲೇಬೇಕು. ಬಾಡಿದ ಹೂವಿನ ತೊಟ್ಟನ್ನು ಬಿಳಿ ಹಾಳೆಯ ಮೇಲೆ ಉಜ್ಜಿದರೆ ಅರಿಶಿನಗೇಸರಿ ಬಣ್ಣ ಬರುತ್ತದೆ. ಹಿಂದೆ ಬಟ್ಟೆಗೆ ಬಣ್ಣ ಕಟ್ಟಲೂ ಈ ತೊಟ್ಟನ್ನು ಬಳಸುತ್ತಿದ್ದರು.

ಪಾರಿಜಾತ ಸಿಗದಿದ್ದರೆ ಆಕಾಶ ಮಲ್ಲಿಗೆ ಇದ್ದೇ ಇದೆ. ಅದು ಹಗಲಿನಲ್ಲೂ ಮರದಡಿ ಬಿದ್ದಿರುತ್ತದೆ. ಉದ್ದ ತೊಟ್ಟುಗಳನ್ನು ಒಂದಕ್ಕೊಂದು ಹೆಣೆದು ದಾರವಿಲ್ಲದೆ ಜಡೆ ಮಾಡಬಹುದು. ಕೇಳುವ ಆಟಕ್ಕೂ ಇದೇ ಒಳ್ಳೆಯದು. ಮಕ್ಕಳನ್ನು ಬೆನ್ನು ತಿರುಗಿಸಿ ಕೂರಿಸಿ, ಕಣ್ಣು ಮುಚ್ಚಿಸಬೇಡಿ. ಹಿಂದಿನಿಂದ ಒಂದು ಒಣ ಎಲೆ ಬೀಳಿಸಿ, ಮೇ ಫ್ಲವರ್ ಮರದ ಒಣ ಕಾಯಿ ಅಲ್ಲಾಡಿಸಿ, ಕೊನೆಗೆ ಒಂದು ಆಕಾಶ ಮಲ್ಲಿಗೆ ಬೀಳಿಸಿ. ಆ ಕೊನೆಯದನ್ನು ಕೇಳಿಸಿಕೊಳ್ಳಲು ಇಡೀ ಕೋಣೆ ಉಸಿರು ಬಿಗಿಹಿಡಿಯುತ್ತದೆ.

ಗೊಂಬೆ, ರಾಗಿ ಪೈರು

ಗೊಂಬೆ ಕೂರಿಸುವ ಮನೆಗಳಲ್ಲಿ ಪಾರ್ಕು ಮಾಡಲು ಮೊದಲೇ ರಾಗಿ ಚೆಲ್ಲಿ ಪೈರು ಮಾಡಿಕೊಳ್ಳುತ್ತಾರೆ. ಆ ತಟ್ಟೆಯ ಜವಾಬ್ದಾರಿ ಮಗುವಿಗಿರಲಿ. ಚೊಂಬಿನಲ್ಲಿ ಸುರಿದರೆ ಕಾಳು ತೇಲಿ ಒಂದು ಮೂಲೆಗೆ ಹೋಗುತ್ತವೆ. ಅದಕ್ಕೆ ಬೆರಳು ಅದ್ದಿ ಅದ್ದಿ ಹನಿಸಬೇಕು. ದಿನಾ ಬೆಳಿಗ್ಗೆ ನೀರು ಹಾಕುವ ಮೊದಲು ಒಂದು ನಿಮಿಷ ಬಗ್ಗಿ ನೋಡುವುದು, "ನಿನ್ನೆ ಇಲ್ಲದ್ದು ಇವತ್ತು ಏನಿದೆ" ಎಂದು ಹೇಳುವುದು. ಗೊಂಬೆ ಕೂರಿಸಿದ ಮೇಲೆ ಒಂದು ಮೆಟ್ಟಿಲನ್ನು ಚೆನ್ನಾಗಿ ನೋಡಿಸಿ, ಒಂದು ಗೊಂಬೆ ಬಚ್ಚಿಟ್ಟು, ಯಾವುದು ಕಾಣೆ ಎಂದು ಕೇಳಿ. ಪಟ್ಟದ ಗೊಂಬೆ ಮುಟ್ಟಬೇಡಿ, ಅಜ್ಜಿಯಂದಿರು ಸುಮ್ಮನಿರುವುದಿಲ್ಲ.

ದೀಪ ಕುಣಿಸುವ ಉಸಿರು

ಮಕ್ಕಳಿಗೆ ಉಸಿರಾಟ ಕಲಿಸಲು ಎಲ್ಲೆಡೆ ಹೇಳಿಕೊಡುವುದು ಒಂದೇ: ಹೂವು ಮೂಸಿ, ಮೇಣದಬತ್ತಿ ಊದಿ ಆರಿಸಿ. ಇದನ್ನು ಕೇಳಿ ಒಬ್ಬ ಮಗುವಿನ ಅಜ್ಜಿ ನನ್ನನ್ನೇ ತರಾಟೆಗೆ ತೆಗೆದುಕೊಂಡರು. "ಅಲ್ಲ ಮಿಸ್, ದೀಪಾನ ಬಾಯಲ್ಲಿ ಊದಿ ಆರಿಸ್ತಾರಾ?" ಅವರು ಹೇಳಿದ್ದು ಶಾಸ್ತ್ರಕ್ಕೆ, ಆದರೆ ಉಸಿರಿನ ಲೆಕ್ಕದಲ್ಲೂ ಅದು ಸರಿ. ಆರಿಸು ಎಂದರೆ ಮಗು ಉಫ್ ಎಂದು ಒಂದೇ ಸಲ ಊದಿ ಮುಗಿಸುತ್ತದೆ. ದೀಪ ಆರಬಾರದು, ಕುಣಿಯಬೇಕು ಎಂದರೆ? ಉಸಿರನ್ನು ತೆಳ್ಳಗೆ, ಉದ್ದಕ್ಕೆ ಬಿಡಲೇಬೇಕು.

ಹಣತೆಯನ್ನು ಮೇಜಿನ ಮೇಲೆ ಇಟ್ಟು ಹಿಂದೆ ದೊಡ್ಡವರೊಬ್ಬರು ನಿಲ್ಲಿ. ಒಂದು ಸಲಕ್ಕೆ ಒಂದೇ ಮಗು. ನಿಮ್ಮ ಒಂದು ತೋಳಿನಷ್ಟು ದೂರ, ಕೂದಲು ಕಟ್ಟಿರಬೇಕು, ಸೆರಗು ದುಪಟ್ಟಾ ಹತ್ತಿರ ಬರಬಾರದು. ಪಟಾಕಿ ಬಟ್ಟೆ ತೊಟ್ಟ ದಿನ, ಅಂದರೆ ಮಿರಿಮಿರಿ ನೈಲಾನ್ ಲಂಗ ಹಾಕಿದ ದಿನ, ಬೆಂಕಿಯ ಆಟವೇ ಬೇಡ. ಆಗ ಬತ್ತಿಯ ಹತ್ತಿ ತೆಗೆದುಕೊಳ್ಳಿ. ಚಿಟಿಕೆ ಹತ್ತಿಯನ್ನು ಹಿಂಜಿ ಚಾಪೆಯ ಮೇಲಿಟ್ಟು, ಈ ಅಂಚಿನಿಂದ ಆ ಅಂಚಿಗೆ ಹಾರಿಸದೆ ಉರುಳಿಸಲಿ. ಉಳಿದ ಹತ್ತಿಯಲ್ಲಿ ಹೂಬತ್ತಿ ಮಾಡಿಸಿ. ಬೆರಳಿಗೆ ಚೂರು ಹಾಲು ಹಚ್ಚಿಕೊಂಡು ತುದಿ ಹೊಸೆಯುವುದು ಐದು ವರ್ಷದವರಿಗೆ ಚೆನ್ನಾಗಿಯೇ ಬರುತ್ತದೆ.

ಸೀತಾಫಲ

ನಿಧಾನವಾಗಿ ತಿನ್ನುವುದನ್ನು ಕಲಿಸಲು ಒಣದ್ರಾಕ್ಷಿ ಕೊಡುವ ರೂಢಿ ಇದೆ. ನಾನು ಸೀತಾಫಲದ ಕಡೆ. ಅದನ್ನು ಅವಸರದಲ್ಲಿ ತಿನ್ನಲು ಯಾರಿಗೂ ಆಗುವುದಿಲ್ಲ. ಮೊದಲು ಇಡೀ ಹಣ್ಣಿನ ಗುಬ್ಬಿ ಗುಬ್ಬಿ ಸಿಪ್ಪೆ ಸವರಲಿ. ಒಡೆದು ಒಬ್ಬೊಬ್ಬರಿಗೆ ನಾಲ್ಕೈದು ತೊಳೆ ಕೊಡಿ. ತಟ್ಟೆಯಲ್ಲಿಯೇ ತೊಳೆ ಅದುಮಿದರೆ ಕರಿ ಬೀಜ ಜಾರಿ ಹೊರಬರುತ್ತದೆ. ಬೀಜ ತೆಗೆದ ಮೇಲಷ್ಟೇ ಬಾಯಿಗೆ. ಈ ವಯಸ್ಸಿನಲ್ಲಿ ಬೀಜವನ್ನು ಬಾಯಲ್ಲಿ ಬೇರ್ಪಡಿಸಲು ಬಿಡಬೇಡಿ. ಬೀಜ ಎಣಿಸಿ, ತೊಳೆದು, ನೀವೇ ಎತ್ತಿಡಿ. ಅದನ್ನು ಜಜ್ಜಬಾರದು, ಪುಡಿ ಕಣ್ಣಿಗೆ ಬಿದ್ದರೆ ಭಾರಿ ಉರಿ.

ಕಡಲೆಕಾಯಿ ಕೇಳುವುದಕ್ಕೆ ಮಾತ್ರ. ಒಣಗಿದ ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಒಂದೋ ಎರಡೋ ಮೂರೋ ಊಹಿಸಿ, ಒಡೆದು ನೋಡುವುದು. ಐದು ವರ್ಷದೊಳಗಿನವರಿಗೆ ಇಡೀ ಬೀಜ ಗಂಟಲಲ್ಲಿ ಸಿಕ್ಕುವ ಅಪಾಯವಿದೆ. ಕೆಲವರಿಗೆ ಅಲರ್ಜಿಯೂ ಇರುತ್ತದೆ, ಅಪ್ಪ ಅಮ್ಮನನ್ನು ಕೇಳದೆ ಕಾಯಿಯನ್ನು ತರಗತಿಗೇ ತರಬೇಡಿ.

ಮಧ್ಯಾಹ್ನ ಹಿಂಗಾರು ಮಳೆ ಗುಡುಗಿದರೆ ಕಿಟಕಿ ಹಾಕಿ, ಬೆರಳಿನಿಂದ ನೆಲ ತಟ್ಟಿ ಮಳೆಯ ಸದ್ದು ಮಾಡಿಸಿ: ಒಂದು ಬೆರಳು, ಎರಡು, ಐದೂ, ಅಂಗೈ, ಮತ್ತೆ ಒಂದೊಂದೇ ಕಡಿಮೆ. ಗುಡುಗಿಗೆ ಹೆದರುವ ಮಕ್ಕಳಿಗೆ ಮಿಂಚಿನಿಂದ ಸದ್ದಿನವರೆಗೆ ಎಣಿಸಲು ಹೇಳಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದೂರ. ಮಲೆನಾಡು, ಕರಾವಳಿಯವರಿಗೆ ಮುಟ್ಟಿದರೆ ಮುನಿ ಕಾಲ ಬುಡದಲ್ಲೇ ಇರುತ್ತದೆ. ಹುಲ್ಲಿನ ಎಸಳಿನ ತುದಿಯಿಂದ ಮುಟ್ಟಿಸಿ (ಕಾಂಡದಲ್ಲಿ ಮುಳ್ಳಿದೆ), ಮತ್ತೆ ಬಿಚ್ಚುವವರೆಗೆ ಕಾಯಿಸಿ.

ಎರಡು ಮಾತು ಅಪ್ಪ ಅಮ್ಮಂದಿರಿಗೆ. ಫೋನ್ ಒಳಗಿಡಿ. ಕ್ಯಾಮೆರಾ ಕಂಡ ಕೂಡಲೇ ಮಗು ಹೂವು ಬಿಟ್ಟು ನಿಮ್ಮ ಕಡೆ ಹಲ್ಲು ಕಿರಿಯುತ್ತದೆ. ರಂಪ ಮಾಡುತ್ತಿರುವಾಗ "ಬಾ, ಅಂಬಾರಿ ನಡಿ" ಎನ್ನಬೇಡಿ. ಶಿಕ್ಷೆಯಾಗಿ ಒಮ್ಮೆ ಬಳಸಿದ ಆಟ ಮತ್ತೆ ಆಟವಾಗುವುದಿಲ್ಲ.

ಕಾರ್ತಿಕ ಮುಗಿದು ಚಳಿ ಬಿದ್ದರೆ ಪಾರಿಜಾತ ಕಡಿಮೆಯಾಗಿ ಅವರೆಕಾಯಿ ಬರುತ್ತದೆ. ನೆನೆಸಿದ ಅವರೆಕಾಳನ್ನು ಎರಡು ಬೆರಳಲ್ಲಿ ಹಿತುಕಲು ಕೊಡಿ. ಜೋರಾಗಿ ಒತ್ತಿದರೆ ಕಾಳು ಬೀರುವಿನ ಕೆಳಗೆ ಹಾರುತ್ತದೆ, ಮೆಲ್ಲಗೆ ಒತ್ತಿದರೆ ಬಟ್ಟಲಿಗೆ ಬೀಳುತ್ತದೆ. ಬಟ್ಟಲು ಅಗಲವಾಗಿರಲಿ, ಹಸಿ ಕಾಳು ಬಾಯಿಗೆ ಹೋಗದಂತೆ ಒಬ್ಬರು ಪಕ್ಕದಲ್ಲೇ ಕೂತಿರಿ. ಸಂಜೆ ಹಿತಕಿದಬೇಳೆ ಸಾರಿಗೆ ಅಷ್ಟು ಸಾಲದಿದ್ದರೆ ಉಳಿದದ್ದನ್ನು ನೀವೇ ಹಿತುಕಬೇಕು.