ಶಿವರಾತ್ರಿ ಕಳೆದ ಮೇಲೂ ಹೆಣಿಗೆ: ನೇಕಾರರ ಹತ್ತಿನೂಲಲ್ಲಿ ಕುಲಾವಿ ಮಾಡಿದ ನನ್ನ ಅನುಭವ

ಮೈಸೂರಿನಲ್ಲಿ ಉಲ್ಲನ್ ಹೆಣಿಗೆಗೆ ಸಿಗುವುದು ದೀಪಾವಳಿಯಿಂದ ಸಂಕ್ರಾಂತಿವರೆಗಿನ ಎರಡೂವರೆ ತಿಂಗಳು. ಆಮೇಲೆ ಬೈಲಕುಪ್ಪೆ ಕಡೆಯಿಂದ ಬಂದು ರಸ್ತೆಬದಿ ಸ್ವೆಟರ್ ಮಾರುವ ಟಿಬೆಟನ್ನರು ಗಂಟುಮೂಟೆ ಕಟ್ಟುತ್ತಾರೆ, ಚಳಿ ಶಿವಶಿವ ಅಂತ ಹೋಗುತ್ತದೆ, ಹೆಣೆಯುವವರೆಲ್ಲ ಕಡ್ಡಿ ಸುತ್ತಿ ಅಟ್ಟಕ್ಕೆ ಹಾಕುತ್ತಾರೆ. ಆದರೆ ಮಕ್ಕಳು ಚಳಿಗಾಲ ನೋಡಿ ಹುಟ್ಟುವುದಿಲ್ಲ. ನಮ್ಮ ಕಡೆ ಬಾಣಂತಿ ಇರುವ ಮನೆಯಲ್ಲಿ ಏಪ್ರಿಲ್ ಬಿಸಿಲಲ್ಲೂ ಕೂಸಿನ ತಲೆಗೆ ಕುಲಾವಿ ಬೇಕೇ ಬೇಕು, ಅದು ಅಕ್ರಿಲಿಕ್ ಆದರೆ ನೆತ್ತಿ ತುಂಬ ಬೆವರುಸಾಲೆ. ಹತ್ತಿಯಲ್ಲಿ ಹೆಣೆಯುತ್ತೇನೆ ಅಂದಾಗ ಕಸುಬು ಬಲ್ಲವರದೆಲ್ಲ ಒಂದೇ ಮಾತು: "ಹತ್ತಿ ಹಿಡ್ಕೊಳ್ಳಲ್ಲ ಕಣಮ್ಮಾ, ಎರಡು ಸಲ ಒಗೆದ್ರೆ ಮೂಗಿನ ತನಕ ಇಳಿಯುತ್ತೆ." ಮೂರು ಬೇಸಿಗೆ ಬೇಕಾಯಿತು. ಈಗ ಹಿಡಿದುಕೊಳ್ಳುತ್ತದೆ. ನಲವತ್ತು ಸಲವಾದರೂ ಒಗೆದಿರುವ ಕುಲಾವಿಯೊಂದು ನನ್ನ ಹತ್ತಿರ ಇದೆ, ಅದರ ಅಂಚು ಇವತ್ತಿಗೂ ಅಳತೆಯಲ್ಲೇ ಇದೆ.

ಅಂಗಡಿಯಲ್ಲಿ ಸಿಗುವ ಹೆಣಿಗೆಯ ಹತ್ತಿ ಉಂಡೆ 100 ಗ್ರಾಂಗೆ 150 ರೂಪಾಯಿ ದಾಟಿದೆ, ಆ ಬೆಲೆಗೆ ಗಿಟ್ಟುವುದಿಲ್ಲ. ನಾನು ತರುವುದು ನೇಕಾರರ 2/20 ಲಡಿ, ಅಂದರೆ ಸುತ್ತಿ ಕಟ್ಟಿದ ನೂಲಿನ ಕಟ್ಟು. ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲ, ಆ ಕಡೆ ಮೇಲುಕೋಟೆ, ಎಲ್ಲಿ ಮಗ್ಗ ಇದೆಯೋ ಅಲ್ಲಿ ವಿಚಾರಿಸಿದರೆ ಉಳಿಕೆ ಲಡಿ ಸಿಗುತ್ತದೆ. ಕೆಜಿಗೆ ಸುಮಾರು 400 ಕೊಟ್ಟಿದ್ದೇನೆ. 2/20 ಅಂದರೆ ಇಪ್ಪತ್ತನೇ ನಂಬರಿನ ಎರಡು ಎಳೆ ಸೇರಿಸಿ ಹುರಿ ಮಾಡಿದ್ದು, ಹಾಗಾಗಿ ಹತ್ತನೇ ನಂಬರಿನ ಲೆಕ್ಕ. ಪೌಂಡಿಗೆ 840 ಗಜದ ಹತ್ತು ಲಡಿ, ಅಂದರೆ 100 ಗ್ರಾಂಗೆ ಹೆಚ್ಚುಕಡಿಮೆ 1,690 ಮೀಟರ್. ನಾಲ್ಕು ಎಳೆ ಕೂಡಿಸಿದರೆ 420 ಮೀಟರ್: ನಯವಾಗಿ ಬರುತ್ತದೆ, ಆದರೆ ಕೆಲಸ ಸಾಗುವುದಿಲ್ಲ. ಎಂಟು ಎಳೆಗೆ 210 ಮೀಟರ್: ಬೇಗ ಮುಗಿಯುತ್ತದೆ, ಆದರೆ ಕುಲಾವಿ ತನ್ನ ಭಾರಕ್ಕೆ ತಾನೇ ಜೋಲುತ್ತದೆ. ಆರು ಎಳೆ, 280 ಮೀಟರ್, ಇದೇ ಸರಿ.

ಮೊದಲ ವರ್ಷ ಆರು ಎಳೆಯನ್ನು ಸುಮ್ಮನೆ ಜೊತೆಗೆ ಹಿಡಿದು ಹೆಣೆದೆ. ಕಡ್ಡಿಯ ತುದಿ ಎಳೆಗಳ ನಡುವೆ ನುಗ್ಗಿ ಒಂದೋ ಎರಡೋ ಎಳೆ ಹೊರಗೆ ಉಳಿಯುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು: ಆರು ಕಂಡಿಕೆಗಳೂ (ನೂಲು ಸುತ್ತಿದ ಕೊಳವೆಗಳು) ಒಂದೇ ಬಿಗಿಯಲ್ಲಿ ಬಿಚ್ಚಿಕೊಳ್ಳುವುದಿಲ್ಲ, ಸಡಿಲ ಇದ್ದ ಎಳೆ ಕುಣಿಕೆಯಾಗಿ ಮೇಲೆ ಏಳುತ್ತದೆ. ಹುರಿ ಹಾಕಲೇಬೇಕು ಅಂತ ರಾಟೆ ತಂದೆ. ಅಲ್ಲೂ ಒಂದು ತಿಂಗಳು ತಪ್ಪು ದಿಕ್ಕಿಗೆ ತಿರುಗಿಸಿ ಕೂತೆ. ನೂಲನ್ನು ನೆಟ್ಟಗೆ ಹಿಡಿದು ನೋಡಿ. ಕೈಗೆ ಬರುವ 2/20ರ ಎರಡು ಎಳೆಗಳ ಓರೆ ಸಾಮಾನ್ಯವಾಗಿ ಎಡಗಡೆ ಮೇಲಿಂದ ಬಲಗಡೆ ಕೆಳಕ್ಕೆ ಇರುತ್ತದೆ. ಆರನ್ನು ಕೂಡಿಸುವಾಗ ಓರೆ ಅದಕ್ಕೆ ವಿರುದ್ಧ ಬರಬೇಕು. ಅದೇ ದಿಕ್ಕಿಗೆ ಹಾಕಿದರೆ ಹುರಿಯ ಮೇಲೆ ಹುರಿ ಏರಿ ನೂಲು ತಂತಿಯಂತಾಗುತ್ತದೆ, ಹೆಣೆದ ಬಟ್ಟೆ ಒಂದು ಪಕ್ಕಕ್ಕೆ ವಾಲುತ್ತದೆ. ವಿರುದ್ಧ ದಿಕ್ಕಿಗೆ ಅಂಗುಲಕ್ಕೆ ಎರಡು ಸುತ್ತು ಸಾಕು. ಒಂದು ಮೊಳ ನೂಲನ್ನು ಎರಡು ತುದಿ ಹಿಡಿದು ಜೋಲಿಸಿದಾಗ ತನ್ನಷ್ಟಕ್ಕೆ ಸುತ್ತಿಕೊಳ್ಳದೆ ನಿಂತರೆ ಹದ ಬಂತು ಅಂತ ಅರ್ಥ.

ಹುರಿ ಹಾಕುವ ಕೆಲಸ ಬೆಳಗ್ಗೆ ಎಂಟರೊಳಗೆ. ಫೆಬ್ರವರಿ ಕೊನೆಗೆ ಮಧ್ಯಾಹ್ನದ ಗಾಳಿ ಎಷ್ಟು ಒಣಗುತ್ತದೆ ಅಂದರೆ ಎಳೆ ಪಟ್ ಅಂತ ಕಡಿಯುತ್ತದೆ, ನಾರು ಹಾರುತ್ತದೆ. ಹತ್ತಿಗೆ ಪಸೆ ಇದ್ದಷ್ಟೂ ಬಲ. ಮಧ್ಯಾಹ್ನವೇ ಕೂರಬೇಕಾದರೆ ಕಂಡಿಕೆಗಳ ಮೇಲೆ ಹಿಂಡಿದ ಒದ್ದೆ ಪಂಚೆ ಹೊದಿಸಿ ಒಂದು ಗಂಟೆ ಬಿಟ್ಟು ಶುರು ಮಾಡುತ್ತೇನೆ.

ಇದೆಲ್ಲಕ್ಕಿಂತ ಮೊದಲು ಲಡಿ ಬೇಯಿಸಬೇಕು. ಇದನ್ನು ಬಿಟ್ಟಿದ್ದಕ್ಕೇ ಮೊದಲ ಹನ್ನೆರಡು ಕುಲಾವಿ ವಾಪಸ್ ಬಂದವು. ಬಾಣಂತಿ ಮನೆಯಲ್ಲಿ ಬಿಸಿನೀರಲ್ಲೇ ಒಗೆಯುತ್ತಾರೆ, ಉದ್ದ ಕುಗ್ಗಿ ಅಗಲ ಹಿಗ್ಗಿ ಬೋಗುಣಿಯಂತಾದವು. ಹನ್ನೆರಡಕ್ಕೂ ದುಡ್ಡು ವಾಪಸ್ ಕೊಟ್ಟೆ, ಎರಡೂವರೆ ಸಾವಿರದ ಹತ್ತಿರ ಹೋಯಿತು. ಈಗ ಒಂದು ಕೆಜಿಗೆ 15 ಲೀಟರ್ ನೀರು, 30 ಗ್ರಾಂ ವಾಷಿಂಗ್ ಸೋಡ, ಒಂದು ಹಿಡಿ ತುರಿದ ಬಾರ್ ಸೋಪು, ಒಂದೂವರೆ ಗಂಟೆ ಕುದಿ. ನೀರು ಟೀ ಬಣ್ಣಕ್ಕೆ ತಿರುಗುತ್ತದೆ. ಬೋರ್‌ವೆಲ್ ನೀರಾದರೆ ಸೋಡವನ್ನು ಮೊದಲು ಹಾಕಿ ಹತ್ತು ನಿಮಿಷ ಕುದಿಸಿ ಆಮೇಲೆ ಸೋಪು, ಇಲ್ಲದಿದ್ದರೆ ಸೋಪೆಲ್ಲ ಜಿಡ್ಡಾಗಿ ಲಡಿಗೆ ಅಂಟುತ್ತದೆ. ಲಡಿಯನ್ನು ನಾಲ್ಕು ಕಡೆ ಎಂಟರ ಆಕಾರದಲ್ಲಿ, ಬೆರಳು ತೂರುವಷ್ಟು ಸಡಿಲವಾಗಿ ಕಟ್ಟಬೇಕು. ಕುದಿದು ಒಣಗಿದ ಮೇಲೆ ಕೆಜಿಗೆ 930 ಗ್ರಾಂ ಉಳಿಯುತ್ತದೆ, ಸುತ್ತುವಾಗಿನ ತುಂಡು ಕಳೆದು 900 ಅಂತ ಲೆಕ್ಕ ಹಿಡಿಯಿರಿ.

ಅಷ್ಟಾದರೂ ಹೆಣೆದ ಬಟ್ಟೆ ಮೊದಲ ಒಗೆತಕ್ಕೆ ಇನ್ನೊಂದಿಷ್ಟು ಕುಗ್ಗುತ್ತದೆ, ಉದ್ದದಲ್ಲಿ ನೂರಕ್ಕೆ ಎಂಟರಷ್ಟು. ಆದ್ದರಿಂದ 40 ಸ್ಟಿಚ್, 40 ಸಾಲಿನ ತುಂಡು ಹೆಣೆದು ಬಿಸಿನೀರಲ್ಲಿ ಒಗೆದು ಒಣಗಿಸಿಯೇ ಅಳತೆ. 10 ನಂಬರ್ ಕಡ್ಡಿಯಲ್ಲಿ ನನಗೆ ಅಂಗುಲಕ್ಕೆ 6 ಸ್ಟಿಚ್, 8 ಸಾಲು ಬರುತ್ತದೆ. ಹೊಸ ಕೂಸಿನ ತಲೆ 14 ಅಂಗುಲದ ಹತ್ತಿರ. ಉಲ್ಲನ್ ಆಗಿದ್ದರೆ 72 ಸ್ಟಿಚ್ ಹಾಕಿ ಹಿಗ್ಗುವುದಕ್ಕೆ ಬಿಡುತ್ತಿದ್ದೆವು. ಹತ್ತಿ ಹಿಗ್ಗಿದರೆ ಹಿಂದಕ್ಕೆ ಬರುವುದಿಲ್ಲ, ಅದಕ್ಕೆ 80. ಎಲ್ಲರೂ ಎಡವುವುದು ಇಲ್ಲೇ: ಉಲ್ಲನ್ ಲೆಕ್ಕದಲ್ಲೇ ಹತ್ತಿ ಹೆಣೆದು ಹತ್ತಿಯನ್ನು ಬೈಯುತ್ತಾರೆ.

ಅಂಚಿಗೆ ಇನ್ನೂ ತೆಳುವಾದ 12 ನಂಬರ್ ಕಡ್ಡಿ, ಒಂದು ನಿಟ್ (ಸೀದಾ) ಒಂದು ಪರ್ಲ್ (ಉಲ್ಟಾ) ಆಗಿ ಬರುವ ರಿಬ್ ಪಟ್ಟಿ, ಎಂಟು ಸುತ್ತು. ನಿಟ್ ಪ್ರತಿಯೊಂದನ್ನೂ ಸ್ಟಿಚ್‌ನ ಹಿಂಭಾಗದಿಂದ ಕಡ್ಡಿ ತೂರಿಸಿ ತಿರುಚಿ ಹೆಣೆಯಬೇಕು. ತಿರುಚಿದ ಸ್ಟಿಚ್‌ನಲ್ಲಿ ನೂಲು ಜರುಗುವುದಕ್ಕೆ ಜಾಗ ಇರುವುದಿಲ್ಲ, ಜೋಲು ಬೀಳದಿರುವ ಗುಟ್ಟಿನಲ್ಲಿ ಮುಕ್ಕಾಲು ಪಾಲು ಇದೇ. ಉಳಿದ ಕಾಲು ಪಾಲು ಮೊದಲ ಸ್ಟಿಚ್ ಹಾಕುವಾಗ ಆರರಲ್ಲಿ ಒಂದು ಎಳೆಯನ್ನು ಬೇರೆ ಮಾಡಿ ಮಾಡುವ ಕೆಲಸ, ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಕುಲಾವಿ ಒಂದನ್ನು ಬಿಚ್ಚಿ ನೋಡಿದವರಿಗೆ ಗೊತ್ತಾದೀತು. ಎರಡು ಕಡ್ಡಿಯಲ್ಲಿ ಹೆಣೆದು ಹಿಂದೆ ಹೊಲಿದರೆ, ಸದಾ ಅಂಗಾತ ಮಲಗಿರುವ ಕೂಸಿಗೆ ಆ ಹೊಲಿಗೆ ಒತ್ತುತ್ತದೆ. ಎರಡೂ ತುದಿ ಚೂಪಿರುವ ಐದು ಕಡ್ಡಿಯಲ್ಲಿ ಸುತ್ತು ಹೆಣಿಗೆಯೇ ಆಗಬೇಕು. ಅಂಚಿನ ಮೇಲೆ 36 ಸುತ್ತು ನೇರ, ಆಮೇಲೆ ಎಂಟು ನಿಟ್ ಆಗಿ ಎರಡನ್ನು ಕೂಡಿಸಿ, ಸುತ್ತು ಬಿಟ್ಟು ಸುತ್ತು ಒಂದೊಂದು ಕಡಿಮೆ ಮಾಡುತ್ತಾ 8 ಸ್ಟಿಚ್ ಉಳಿಯುವ ತನಕ. ಲಾಡಿ ಆರು ಅಂಗುಲ, ಅದಕ್ಕಿಂತ ಉದ್ದ ಬೇಡ, ಕುತ್ತಿಗೆಗೆ ಸುತ್ತಿಕೊಳ್ಳಬಾರದು. ಕಾಲುಚೀಲವನ್ನೂ ಹೆಣೆಯುವುದಾದರೆ, ಬಣ್ಣ ಬದಲಿಸಿದ ದಾರವನ್ನು ಒಳಗಡೆ ಸಡಿಲವಾಗಿ ಹಾಯಿಸಿ ಬಿಡಬೇಡಿ, ಕೂಸಿನ ಕಾಲ್ಬೆರಳಿಗೆ ಎಳೆ ಸಿಕ್ಕಿ ಬಿಗಿಯುತ್ತದೆ.

ಮಾರ್ಚ್ ಬಂತು ಅಂದರೆ ಕೈ ಬೆವರು. ಸವೆದ ಅಲ್ಯೂಮಿನಿಯಂ ಕಡ್ಡಿ ಬೆವರಿಗೆ ಬಿಳಿ ಹತ್ತಿಯ ಮೇಲೆ ಬೂದು ಗೆರೆ ಬಿಡುತ್ತದೆ, ಸೋಪಿಗೆ ಜಪ್ಪಯ್ಯ ಅಂದರೂ ಹೋಗುವುದಿಲ್ಲ. ನಮ್ಮ ಬಂಬೂ ಬಜಾರಿನಿಂದ ಬಲಿತ ಬಿದಿರಿನ ಸೀಳು ತಂದು, ಚಾಕುವಿನಲ್ಲಿ ಕಡ್ಡಿ ಹೆರೆದು, ಮರಳು ಕಾಗದ ಒರಟಿನಿಂದ ನಯದವರೆಗೆ ಹಾಕಿ, ಹರಳೆಣ್ಣೆ ಸವರಿ ಎರಡು ದಿನ ಬಿಟ್ಟೆ. ಅಳತೆಗೆ ಹಳೇ 10 ನಂಬರ್ ಕಡ್ಡಿ ತೂರಿದ ರಟ್ಟಿನ ತೂತು. ಹತ್ತು ಮಾಡಿದರೆ ಆರು ನೆಟ್ಟಗಿರುತ್ತವೆ. ಜಾರುವುದಿಲ್ಲ, ಗೆರೆ ಬೀಳುವುದಿಲ್ಲ.

ಬಣ್ಣದ ವಿಷಯಕ್ಕೆ ಬಂದರೆ, ಕೆಂಪು ಲಡಿ ತಂದು ಕೈ ಸುಟ್ಟುಕೊಂಡೆ. ಬಿಸಿನೀರಿಗೆ ಬಣ್ಣ ಬಿಟ್ಟಿತು, ಕೂಸು ಲಾಡಿ ಬಾಯಿಗೆ ಹಾಕದೆ ಇರುವುದಿಲ್ಲ, ಎರಡು ಕೆಜಿ ಹಾಗೇ ಬಿದ್ದಿದೆ. ಅರಿಶಿನ ನೋಡಿದೆ: ಸೋಪು ತಗುಲಿದರೆ ಕೆಂಪಾಗುತ್ತದೆ, ವಾರದ ಬಿಸಿಲಿಗೆ ಮಾಸುತ್ತದೆ. ನಿಂತದ್ದು ದಾಳಿಂಬೆ ಸಿಪ್ಪೆ. ನೂಲಿನ ತೂಕದ ಐದನೇ ಒಂದು ಪಾಲು ಅಳಲೆಕಾಯಿ ಪುಡಿಯ ನೀರಲ್ಲಿ ರಾತ್ರಿ ನೆನೆಸಿ, ನೂರು ಗ್ರಾಂಗೆ 15 ಗ್ರಾಂ ಪಟಿಕ ಕೊಟ್ಟು, ಆಮೇಲೆ ಸಿಪ್ಪೆಯ ಕಷಾಯ. ಒಳ್ಳೆ ಜೇನುಹಳದಿ. ಕಬ್ಬಿಣದ ಬಾಣಲೆ ಮುಟ್ಟಿಸಿದರೆ ಕೆಟ್ಟಿತು, ಒಗರಿಗೆ ಕಬ್ಬಿಣ ಸೇರಿ ಬೂದು ತಿರುಗುತ್ತದೆ. ಆ ಬೂದು ಬಣ್ಣಕ್ಕೂ ಗಿರಾಕಿ ಸಿಕ್ಕಿದ್ದು ಬೇರೆ ಮಾತು.

ಹುರಿ ಮಾಡಿದ ನೂಲಿಗೆ ಮಗ್ಗದವರಂತೆ ತೆಳು ಗಂಜಿ ಹಾಕಿಯೂ ನೋಡಿದ್ದೇನೆ. ಎಳೆ ಒಡೆಯದೆ ಹೆಣಿಗೆ ಸಲೀಸು, ಒಗೆದರೆ ಗಂಜಿ ಹೋಗಿ ಮೆತ್ತಗಾಗುತ್ತದೆ. ಆದರೆ ಹದಿನೈದು ದಿನದೊಳಗೆ ಮುಗಿಸಬೇಕು, ಗಂಜಿ ಇದ್ದಲ್ಲಿ ಜಿರಲೆ ಬಂದೇ ಬರುತ್ತದೆ.

ಒಂದು ಕುಲಾವಿಗೆ 25 ಗ್ರಾಂ ನೂಲು, 11 ರೂಪಾಯಿ. ಬಣ್ಣ, ಸೋಡ, ಗ್ಯಾಸ್ ಸೇರಿ ಇನ್ನೊಂದು 9. ಹೆಣಿಗೆ ನಾಲ್ಕು ಗಂಟೆ. ಕೆಜಿ ನೂಲಿಗೆ ಹುರಿ ಹಾಕಲು ಎರಡು ಪೂರ್ತಿ ದಿನ ಬೇಕು, ಕೆಜಿಗೆ 36 ಕುಲಾವಿ, ಅಂದರೆ ಒಂದಕ್ಕೆ ಇನ್ನರ್ಧ ಗಂಟೆ. 220ಕ್ಕೆ ಮಾರಿದರೆ ಗಂಟೆಗೆ 44 ರೂಪಾಯಿ. ಕಾಲುಚೀಲ ಒಂದು ಜೊತೆಗೆ 150, ಗಂಟೆಗೆ 40ರ ಆಸುಪಾಸು. ಅಂಗಿ 85 ಗ್ರಾಂ ನುಂಗುತ್ತದೆ, ಹದಿಮೂರು ಗಂಟೆ ತಿನ್ನುತ್ತದೆ, 350ಕ್ಕಿಂತ ಮೇಲೆ ಯಾರೂ ಕೊಡುವುದಿಲ್ಲ; ಗಂಟೆಗೆ 23 ಕೂಡ ಬೀಳುವುದಿಲ್ಲ. ಮೂರನ್ನೂ ಸೆಟ್ ಅಂತ ಮಾರಿ ಒಂದು ವರ್ಷ ಇದನ್ನು ಗಮನಿಸದೆ ಹೋದೆ. ಅಂಗಡಿಗೆ ಇಟ್ಟರೆ ನೂರಕ್ಕೆ ನಲವತ್ತು ಹಿಡಿಯುತ್ತಾರೆ, ಅಲ್ಲಿಗೆ ಕುಲಾವಿಗೂ ಗಂಟೆಗೆ ಉಳಿಯುವುದು 25ರ ಆಸುಪಾಸು. ಈಗ ಕುಲಾವಿ, ಕಾಲುಚೀಲ ಮಾತ್ರ, ನೇರ ಬಾಣಂತಿ ಮನೆಗೆ. ಅಂಗಿ ಮುಂಗಡ ಕೊಟ್ಟರೆ ಮಾತ್ರ.

ಒಗೆದದ್ದನ್ನು ಹಗ್ಗಕ್ಕೆ ನೇತುಹಾಕಬೇಡಿ ಅಂತ ಕೊಳ್ಳುವವರಿಗೆ ಬಾಯಲ್ಲಿ ಹೇಳಿಯೇ ಕೊಡುತ್ತೇನೆ. ಒದ್ದೆ ಹತ್ತಿ ಭಾರ. ಟವೆಲ್‌ನಲ್ಲಿ ಸುತ್ತಿ ಒತ್ತಿ, ಬೋರಲು ಹಾಕಿದ ಚೊಂಬಿನ ಮೇಲೆ ಕೂರಿಸಿ ನೆರಳಲ್ಲಿ ಒಣಗಿಸಬೇಕು.

ಈ ಯುಗಾದಿಗೆ ಆರರಲ್ಲಿ ಒಂದು ಎಳೆ ತೆಗೆದು ರೇಷ್ಮೆ ಎಳೆ ಸೇರಿಸಿದ್ದೇನೆ. ಸೋಡದಲ್ಲಿ ಕುದಿಸಿದರೆ ರೇಷ್ಮೆಯ ಹೊಳಪು ಸಾಯುತ್ತದೆ, ಆದ್ದರಿಂದ ಹತ್ತಿ ಬೆಂದ ಮೇಲೆಯೇ ಕೂಡಿಸಬೇಕು. ಮೂರು ಕುಲಾವಿ ಆಗಿವೆ, ನೋಡಲು ಚೆನ್ನಾಗಿವೆ, ಏಳು ಒಗೆತ ಮುಗಿದಿದೆ. ಇಪ್ಪತ್ತು ಆದ ಮೇಲೆ ಅಂಚು ಅಳೆದು ಬೆಲೆ ಕಟ್ಟುತ್ತೇನೆ.