ತೂಕ ಅಷ್ಟೇ ಇದೆ, ತೊಡೆ ಎಲ್ಲಿ ಹೋಯ್ತು?

ನಮ್ಮ ಅವ್ವನಿಗೆ ಸಂಧಿವಾತ, ರುಮಟಾಯ್ಡ್ ಆರ್ಥ್ರೈಟಿಸ್. ಬೆರಳಿನ ಗೆಣ್ಣು ಊದಿ ಬಳೆ ತೆಗೆಯೋಕೆ ಆಗುತ್ತಿರಲಿಲ್ಲ, ಕುಪ್ಪಸದ ತೋಳು ಮಾತ್ರ ಎರಡು ಸಲ ಬಿಗಿ ಮಾಡಿಸಬೇಕಾಯಿತು. ತೂಕ ನೋಡಿದರೆ ಅಷ್ಟೇ! ಈ ಕಾಯಿಲೆಯಲ್ಲಿ ಸ್ನಾಯು ಕರಗಿ ಆ ಜಾಗಕ್ಕೆ ಕೊಬ್ಬು ಬಂದು ಕೂರಬಹುದು, ಅದಕ್ಕೇ ತೂಕದ ಯಂತ್ರ ನಂಬಬೇಡಿ.

ಕುರ್ಚಿ ನಂಬಿ. ಗೋಡೆಗೆ ಒತ್ತಿ ಇಡಿ, ಕೈ ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲು ಹೇಳಿ, ಮೊಬೈಲಿನಲ್ಲಿ ಟೈಮ್ ನೋಡಿ. 12 ಸೆಕೆಂಡ್ ಅಥವಾ ಜಾಸ್ತಿ ಹಿಡಿದರೆ ಡಾಕ್ಟರಿಗೆ ಹೇಳಿ. ಕೀಲು ನೋವಿಗೂ ತಡವಾಗಬಹುದು, ಅದನ್ನೂ ಹೇಳಿ.

ಇದೇ ಪರೀಕ್ಷೆಯೇ ವ್ಯಾಯಾಮ ಕೂಡ. ಮೊಣಕಾಲು ನೋಯುತ್ತದಾ? ಕುರ್ಚಿ ಮೇಲೆ ಕೌದಿ ಮಡಚಿ ಹಾಕಿ ಎತ್ತರ ಮಾಡಿ. ದಿನ ಬಿಟ್ಟು ದಿನ ಎಂಟು ಸಲ, ಸ್ವಲ್ಪ ಸುಧಾರಿಸಿಕೊಂಡು ಇನ್ನೊಮ್ಮೆ ಎಂಟು. ಸಲೀಸಾದ ಮೇಲೆ ಒಂದೊಂದೇ ಮಡಿಕೆ ಕಡಿಮೆ ಮಾಡಿ. ನೋವು ಎರಡು ತಾಸಾದರೂ ಇಳಿಯದಿದ್ದರೆ ಮುಂದಿನ ಸಲ ಕಡಿಮೆ ಮಾಡಿ. ಕೀಲು ಊದಿ ಬಿಸಿಯಾಗಿರುವ ದಿನ ಏಳೋದು ಕೂರೋದು ಬೇಡ. ಮಲಗಿ, ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಐದು ಸೆಕೆಂಡ್ ಒತ್ತಿ ಹಿಡಿದರೆ ಸಾಕು.

ಬೆಳಗ್ಗೆ ವಾಕಿಂಗ್ ಹೋಗಿ ಅಂತ ಎಲ್ಲರೂ ಸುಮ್ನೆ ಹೇಳುತ್ತಾರೆ. ಈ ಕಾಯಿಲೆ ಇದ್ದವರಿಗೆ ಕೀಲು ಬಿಗಿ ಬಿಡೋದರೊಳಗೆ ಕಲಬುರಗಿ ಬಿಸಿಲು ನೆತ್ತಿಗೆ ಬಂದಿರುತ್ತದೆ, ಅಲ್ವಾ? ಮನೆಯೊಳಗೇ ಮಾಡಿ.

ಊಟದ ವಿಷಯ. ಜಿಐ ಟ್ಯಾಗ್ (ಊರಿನ ಹೆಸರಿಗೆ ಸಿಗುವ ಸರ್ಕಾರಿ ಗುರುತು) ಸಿಕ್ಕ ತೊಗರಿ ನಮ್ಮೂರಿನದು, ಆದರೆ ನಮ್ಮ ತಟ್ಟೆಯಲ್ಲಿ ಬೇಳೆ ಹುಡುಕಬೇಕಾದ ತೆಳ್ಳನೆ ಸಾರು! ದಿನಕ್ಕೆ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಅಂತ ಲೆಕ್ಕ ಇಟ್ಟುಕೊಳ್ಳಿ, 55 ಕಿಲೋ ಇದ್ದವರಿಗೆ 55ರಿಂದ 66 ಗ್ರಾಂ. 100 ಗ್ರಾಂ ಹಸಿ ಬೇಳೆಯಲ್ಲಿ ಸುಮಾರು 22 ಗ್ರಾಂ, ಒಂದು ಮೊಟ್ಟೆಯಲ್ಲಿ 6. ಜೋಳದ ರೊಟ್ಟಿಯಲ್ಲಿ ಕಡಿಮೆ ಇರುವ ಲೈಸಿನ್ ಅನ್ನೋ ಪ್ರೋಟೀನಿನ ಅಂಶ ಬೇಳೆಯಲ್ಲಿ ಸಿಗುತ್ತದೆ, ಹಾಗಾಗಿ ರೊಟ್ಟಿ ಜೊತೆ ಗಟ್ಟಿ ಬೇಳೆ, ಮೇಲೆ ಶೇಂಗಾ ಹಿಂಡಿ, ಮೊಸರು. ಕಿಡ್ನಿ ತೊಂದರೆ ಇದ್ದವರು ಮಾತ್ರ ಮೊದಲು ಡಾಕ್ಟರನ್ನು ಕೇಳಿ.

ಮಾತ್ರೆ ಬಗ್ಗೆ: ಸ್ಟೀರಾಯ್ಡ್ ಬಹಳ ದಿನ ತಗೊಂಡರೆ ತೊಡೆಯ ಶಕ್ತಿ ಕುಗ್ಗಬಹುದು, ನಿಜ. ಆದರೆ ನೀವೇ ತಟ್ಟನೆ ನಿಲ್ಲಿಸಿದರೆ ಅಪಾಯ. ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಉರಿಯೂತವೇ ಸ್ನಾಯು ತಿನ್ನುತ್ತದೆ. ಕೆಲವೇ ವಾರಗಳಲ್ಲಿ ನೆಲದಿಂದ ಏಳೋಕೆ, ತಲೆ ಬಾಚೋಕೆ ಕೈ ಎತ್ತೋಕೆ ಆಗದಂತಾದರೆ ವ್ಯಾಯಾಮ ಬಿಟ್ಟು ಮೊದಲು ಆಸ್ಪತ್ರೆಗೆ ಹೋಗಿ.