ಓಮ್ ನೋಡಿ ಕೊಂಡ ಲ್ಯಾನ್ ಕೇಬಲ್: ನನ್ನ ಅನುಭವ

ಕಂಪ್ಯೂಟರು, ಕ್ಯಾಮೆರಾಗಳನ್ನು ಜೋಡಿಸುವ ಲ್ಯಾನ್ ಕೇಬಲ್ ಕೊಳ್ಳುವಾಗ, ಹೊದಿಕೆಯ ಮೇಲೆ ಅಚ್ಚಾಗಿರುವ ‘ಕ್ಯಾಟ್ 6’ ಎಂಬ ದರ್ಜೆಯ ಗುರುತನ್ನು ಲೆಕ್ಕಕ್ಕೆ ಹಿಡಿಯದೆ, ಪೆಟ್ಟಿಗೆ ಬಿಚ್ಚಿಸಿ, ಒಂದು ತಂತಿಯ ಎರಡೂ ತುದಿಗಳಿಗೆ ಮಲ್ಟಿಮೀಟರ್ ಹಿಡಿದು, ಬಂದ ಓಮ್ (ಕರೆಂಟಿಗೆ ತಂತಿ ಒಡ್ಡುವ ತಡೆಯ ಅಳತೆ) ನೋಡಿಯೇ ಹಣ ಕೊಡುತ್ತೇನೆ ಎಂದಾಗ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌ಪಿ ರಸ್ತೆಯಲ್ಲಿ ನಕ್ಕವರಿದ್ದರು. ತಿಪಟೂರಿನಲ್ಲಿ ನನ್ನಂತೆಯೇ ಕೇಬಲ್ ಎಳೆಯುವ ಕಸುಬಿನ ಗೆಳೆಯರೂ ನಕ್ಕರು. ಕೇಬಲಿನ ಎಂಟು ತಂತಿಗಳೂ ತುದಿ ಮುಟ್ಟಿವೆಯೇ ಎಂದು ತೋರಿಸುವ ಟೆಸ್ಟರಿನಲ್ಲಿ ಎಂಟೂ ದೀಪ ಉರಿದ ಮೇಲೆ ಇನ್ನೇನು ಬೇಕು ಎಂಬುದು ಅವರ ವಾದವಾಗಿತ್ತು. ಹೀಗೆ ಅಳೆದು ತಂದ ಕೇಬಲಿನ ಮೇಲೆ ಒಂದು ಕೊಬ್ಬರಿ ಗೋದಾಮಿನ ಕ್ಯಾಮೆರಾಗಳೂ ಒಂದು ಕಾಲೇಜಿನ ಲ್ಯಾಬೂ ಎರಡು ಮಳೆಗಾಲ ದಾಟಿ ತಕರಾರಿಲ್ಲದೆ ನಡೆಯುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಗೋದಾಮಿನ ಕೇಬಲನ್ನು ಮೊದಲು ಎಳೆದವರು ಬೇರೆಯವರು. ಕ್ಯಾಮೆರಾಗಳು ಹಗಲೆಲ್ಲ ಚೆನ್ನಾಗಿದ್ದು, ಕತ್ತಲಾಗುತ್ತಲೇ ಒಂದೊಂದಾಗಿ ಆರಿ ಮತ್ತೆ ಹೊತ್ತಿಕೊಳ್ಳುತ್ತಿದ್ದವು. ಖರ್ಚು ಉಳಿಸಲು 12 ವೋಲ್ಟಿನ ಪ್ಯಾಸಿವ್ ಪಿಒಇ, ಅಂದರೆ ಲ್ಯಾನ್ ಕೇಬಲಿನಲ್ಲೇ ಕ್ಯಾಮೆರಾಕ್ಕೆ ಕರೆಂಟನ್ನೂ ಕಳಿಸುವ ವ್ಯವಸ್ಥೆ, ಹಾಕಿದ್ದರು. ಇನ್‌ಫ್ರಾರೆಡ್ ದೀಪಗಳು ಹತ್ತಿದೊಡನೆ ಕರೆಂಟ್ ಏರಿ, ಸುಮಾರು 60 ಮೀಟರ್ ತಂತಿಯಲ್ಲೇ ಮೂರು ವೋಲ್ಟಿಗಿಂತ ಹೆಚ್ಚು ಕರಗಿ, ಕ್ಯಾಮೆರಾಕ್ಕೆ ಎಂಟೂವರೆ ವೋಲ್ಟ್ ತಲುಪುತ್ತಿತ್ತು. ಅವರು ಎರಡು ಆಂಪಿಯರ್ ಅಡಾಪ್ಟರ್ ತೆಗೆದು ಐದು ಆಂಪಿಯರಿನದನ್ನು ಹಾಕಿದರೂ ಏನೂ ಬದಲಾಗಲಿಲ್ಲ, ಏಕೆಂದರೆ ಕೊರತೆ ಇದ್ದದ್ದು ಅಡಾಪ್ಟರಿನಲ್ಲಲ್ಲ, ತಂತಿಯಲ್ಲಿ. ಬಳಿಕ ಯಾರೋ 15 ವೋಲ್ಟ್ ಕೊಟ್ಟು ನೋಡಿದರು. ರಾತ್ರಿ ಸರಿಹೋಯಿತು, ಆದರೆ ಹಗಲು ಕರೆಂಟ್ ಇಳಿದಾಗ ಆ ವೋಲ್ಟೇಜು ಹೆಚ್ಚುಕಡಿಮೆ ಪೂರ್ತಿಯಾಗಿಯೇ ತಲುಪಿ ಒಂದು ಕ್ಯಾಮೆರಾ ಸುಟ್ಟಿತು. ಅಡಾಪ್ಟರು, ಕ್ಯಾಮೆರಾ, ಓಡಾಟ ಎಲ್ಲ ಸೇರಿ ಮಾಲೀಕರು ಹತ್ತು ಸಾವಿರದವರೆಗೆ ಕಳೆದುಕೊಂಡಿದ್ದರು.

ತಾಮ್ರದ್ದೆಂದು ಮಾರುವ, ತಾಮ್ರ ಲೇಪಿಸಿದ ಅಗ್ಗದ ಅಲ್ಯೂಮಿನಿಯಂ ತಂತಿಯನ್ನು ಪತ್ತೆಹಚ್ಚಲು ನಮ್ಮವರು ಬ್ಲೇಡಿನಿಂದ ಕೆರೆದು ಬಿಳುಪು ಕಾಣುತ್ತದೆಯೇ ಎಂದು ನೋಡುತ್ತಾರೆ, ಇಲ್ಲವೇ ಬೆಂಕಿಕಡ್ಡಿ ಹಿಡಿಯುತ್ತಾರೆ. ಎರಡೂ ಸುಳ್ಳಲ್ಲ, ಆದರೆ ಇವು ಅಲ್ಯೂಮಿನಿಯಮ್ಮನ್ನು ಹಿಡಿಯುತ್ತವೆಯೇ ಹೊರತು ಶುದ್ಧ ತಾಮ್ರದ್ದೇ ಆದರೂ ತೆಳ್ಳಗಿರುವ ತಂತಿಯನ್ನು ಹಿಡಿಯುವುದಿಲ್ಲ. ಗೇಜಿನ ಅಂಕಿ ಏರಿದಷ್ಟೂ ತಂತಿ ತೆಳ್ಳಗಾಗುತ್ತದೆ; 26 ಗೇಜಿನ ತಾಮ್ರವನ್ನು ಕ್ಯಾಟ್ 6 ಎಂದು ಮಾರಿದರೆ ಕೆರೆದವರಿಗೆ ತಾಮ್ರವೇ ಕಾಣುತ್ತದೆ. ಓಮ್ ಈ ಎರಡು ಮೋಸಗಳನ್ನೂ ಒಂದೇ ಅಂಕಿಯಲ್ಲಿ ಹೇಳುತ್ತದೆ.

305 ಮೀಟರಿನ ಪೂರ್ತಿ ಪೆಟ್ಟಿಗೆಯಲ್ಲಿ ಒಂದೇ ತಂತಿಯನ್ನು ತುದಿಯಿಂದ ತುದಿಗೆ ಅಳೆದರೆ 23 ಗೇಜಿನ ಶುದ್ಧ ತಾಮ್ರ 20 ಓಮಿನ ಆಸುಪಾಸು, ಒಂದು ದರ್ಜೆ ಕೆಳಗಿನ, 24 ಗೇಜಿನ ಕ್ಯಾಟ್ 5ಇ ಸುಮಾರು 26 ತೋರಿಸುತ್ತದೆ. ಲೇಪಿತ ತಂತಿ 23 ಗೇಜಿನದೇ ಆಗಿದ್ದರೂ 30 ದಾಟುತ್ತದೆ. ಗೋದಾಮಿನಲ್ಲಿ ಇದ್ದಂಥದ್ದು 40ರ ಮೇಲಿತ್ತು. ಪೂರ್ತಿ ಪೆಟ್ಟಿಗೆಯನ್ನೇ ಅಳೆಯುವುದರಿಂದ ಮೀಟರಿನ ವೈರುಗಳ ಅರ್ಧ ಓಮ್ ಲೆಕ್ಕಕ್ಕೆ ಬರುವುದಿಲ್ಲ, ಸಾವಿರ ರೂಪಾಯಿಯ ಮೀಟರೇ ಸಾಕು. ಹೊದಿಕೆಯ ಮೇಲಿನ ಉದ್ದದ ಗುರುತುಗಳನ್ನು ಎರಡೂ ತುದಿಗಳಲ್ಲಿ ಓದಿ ಕಳೆಯುವುದನ್ನು ಮಾತ್ರ ಬಿಡಬಾರದು, ಏಕೆಂದರೆ ತೆಳ್ಳಗಿನ ತಂತಿಯನ್ನು ಕಡಿಮೆ ಉದ್ದ ತುಂಬಿಸಿದರೆ ಓಮ್ ಸರಿಯಾಗಿಯೇ ಬಂದೀತು. ತೂಕವನ್ನೂ ನೋಡಿದ್ದೇನೆ: ಒಂದೇ ಗೇಜಿನ ತಾಮ್ರದ ಪೆಟ್ಟಿಗೆಗೂ ಲೇಪಿತದ್ದಕ್ಕೂ ಮೂರು ಕಿಲೋಗಿಂತ ಹೆಚ್ಚಿನ ವ್ಯತ್ಯಾಸವಿರುತ್ತದೆ, ಆದರೆ ದಪ್ಪ ಹೊದಿಕೆ ಹಾಕಿ ಅದನ್ನು ಮರೆಮಾಚುವವರಿದ್ದಾರೆ.

ಆಗ ಲೇಪಿತ ಪೆಟ್ಟಿಗೆ ಮೂರೂವರೆ ಸಾವಿರಕ್ಕೂ ತಾಮ್ರದ್ದು ಒಂಬತ್ತು ಸಾವಿರದ ಹತ್ತಿರಕ್ಕೂ ಸಿಗುತ್ತಿತ್ತು. ಗೋದಾಮಿಗೆ ಎರಡು ಪೆಟ್ಟಿಗೆ ಬೇಕಾದದ್ದರಿಂದ ಹನ್ನೊಂದು ಸಾವಿರ ಹೆಚ್ಚಿಗೆ ಕೇಳಬೇಕಾಯಿತು, ಮಾಲೀಕರು ಸುಲಭಕ್ಕೆ ಒಪ್ಪಲಿಲ್ಲ. ಅತಿ ದೂರದ ಒಂದು ಕ್ಯಾಮೆರಾಕ್ಕೆ ಮಾತ್ರ ಹೊಸ ಕೇಬಲ್ ಎಳೆದು ಒಂದು ವಾರ ಬಿಟ್ಟೆ. ಅದೇ 12 ವೋಲ್ಟಿನಲ್ಲಿ ರಾತ್ರಿಯೂ ಹತ್ತು ವೋಲ್ಟಿನ ಮೇಲೆ ತಲುಪಿ ಅದೊಂದು ಕ್ಯಾಮೆರಾ ಆರದೇ ಉಳಿಯಿತು. ಉಳಿದ ಹಣವನ್ನು ಅವರೇ ಕರೆದು ಕೊಟ್ಟರು.

ಲ್ಯಾಬಿನಲ್ಲಿದ್ದದ್ದು ಬೇರೆಯೇ ರೋಗ. ಅಲ್ಲಿ ತಂತಿ ಒಳ್ಳೆಯದೇ, ಟೆಸ್ಟರಿನಲ್ಲಿ ಒಂದರಿಂದ ಎಂಟರವರೆಗೆ ದೀಪ ಸಾಲಾಗಿಯೇ ಉರಿಯುತ್ತಿತ್ತು, ಆದರೂ ಗಿಗಾಬಿಟ್ ವೇಗ ನಿಲ್ಲುತ್ತಿರಲಿಲ್ಲ. ಕೇಬಲಿನ ಎಂಟು ತಂತಿಗಳು ಎರಡೆರಡಾಗಿ ಹೆಣೆದ ನಾಲ್ಕು ಜೋಡಿಗಳು; 3 ಮತ್ತು 6ನೆಯ ಪಿನ್‌ಗಳಿಗೆ ಒಂದೇ ಜೋಡಿ ಹೋಗಬೇಕು. ಹಿಂದೆ ಕ್ರಿಂಪ್ ಮಾಡಿದವರು, ಅಂದರೆ ತುದಿಗೆ ಪ್ಲಗ್ ಒತ್ತಿ ಕೂರಿಸಿದವರು, ಕಿತ್ತಳೆ, ಹಸಿರು, ನೀಲಿ, ಕಂದು ಎಂದು ಬಣ್ಣಗಳನ್ನು ಜೊತೆಜೊತೆಯಾಗಿ ಜೋಡಿಸಿದ್ದರಿಂದ 3 ಮತ್ತು 6ನೆಯ ಪಿನ್‌ಗಳು ಒಂದೇ ಹೆಣಿಗೆಯ ಜೋಡಿಯಾಗದೆ ಎರಡು ಜೋಡಿಗಳಿಗೆ ಹಂಚಿಹೋಗಿದ್ದವು. ದೀಪದ ಟೆಸ್ಟರಿಗೆ ಇದು ಎಂದೂ ಕಾಣದು. ಇಲ್ಲಿ ಓಮಿನಿಂದಲೂ ಪ್ರಯೋಜನವಿಲ್ಲ. ಪಾರದರ್ಶಕ ಪ್ಲಗ್ಗಿನೊಳಗೆ ಕಣ್ಣಿಟ್ಟು ನೋಡಿ, ಎಲ್ಲ ತುದಿಗಳನ್ನೂ 568ಬಿ ಎಂಬ ಪ್ರಮಾಣಿತ ಬಣ್ಣದ ಕ್ರಮಕ್ಕೆ ತಂದ ಮೇಲೆ ಸ್ವಿಚ್ಚಿನ ಅಷ್ಟೂ ಪೋರ್ಟ್‌ಗಳಲ್ಲಿ ಗಿಗಾಬಿಟ್ ನಿಂತಿತು.

ಇದರ ನಡುವೆ ಕುತೂಹಲಕ್ಕೆ ಯುಎಸ್‌ಬಿ-ಸಿ ಕೇಬಲ್‌ಗಳನ್ನೂ ಪರೀಕ್ಷಿಸಿದೆ. ಅಲ್ಲಿ ತುದಿ ಒಂದೇ, ಒಳಗಿರುವುದು ಬೇರೆ. ಫೋನಿನ ಜೊತೆ ಬರುವ ಬಹುತೇಕ ಕೇಬಲ್‌ಗಳು 480 ಮೆಗಾಬಿಟ್ಟಿನ ಯುಎಸ್‌ಬಿ 2.0 ತಂತಿಗಳನ್ನಷ್ಟೇ ಹೊಂದಿರುತ್ತವೆ. ಎಸ್‌ಎಸ್‌ಡಿಗೆ ಹತ್ತು ಜಿಬಿ ಕಡತ ಕಳಿಸಲು ನಾಲ್ಕೈದು ನಿಮಿಷ ಹಿಡಿದರೆ, 10 ಗಿಗಾಬಿಟ್ಟಿನ ಕೇಬಲಿನಲ್ಲಿ ಅದು ಕೆಲವೇ ಸೆಕೆಂಡುಗಳ ಕೆಲಸ. ಎಷ್ಟು ಕರೆಂಟ್ ತಾಳಬಲ್ಲೆ ಎಂದು ಚಾರ್ಜರಿಗೆ ತಿಳಿಸುವ ಇ-ಮಾರ್ಕರ್ ಚಿಪ್ ಒಳಗೆ ಇಲ್ಲದ ಕೇಬಲು ಮೂರು ಆಂಪಿಯರಿಗೆ, ಅಂದರೆ 20 ವೋಲ್ಟಿನಲ್ಲಿ 60 ವ್ಯಾಟಿಗೆ ನಿಲ್ಲುವುದರಿಂದ, 100 ವ್ಯಾಟಿನ ಚಾರ್ಜರು ಕೊಂಡರೂ ಲ್ಯಾಪ್‌ಟಾಪು ಆಮೆಯಂತೆ ತುಂಬುತ್ತದೆ. ಈಗ ಅಂಗಡಿಯಲ್ಲಿ ಮೂರು ಬಣ್ಣದ ಟೇಪು ಸುತ್ತಿ ಇವನ್ನು ಬೇರ್ಪಡಿಸಿಟ್ಟಿದ್ದೇನೆ.

ಎರಡೂ ತುದಿಗೆ ಪ್ಲಗ್ ಕೂರಿಸಿಯೇ ಬರುವ ಒಂದು ಮೀಟರಿನ ಪ್ಯಾಚ್ ಕಾರ್ಡಿನಲ್ಲಿ (ಚಿಕ್ಕ ಲ್ಯಾನ್ ಕೇಬಲಿನಲ್ಲಿ) ಅಲ್ಯೂಮಿನಿಯಂ ಇದೆಯೇ ಎಂಬುದನ್ನು ಕತ್ತರಿಸದೆ ಹೇಗೆ ಹೇಳುತ್ತೇನೆ ಎಂದು ಕೇಳುವವರಿದ್ದಾರೆ. ಸಾಮಾನ್ಯ ಮೀಟರಿಗೆ ಅಷ್ಟು ಕಡಿಮೆ ಓಮ್ ಅಳೆಯಲಾಗದು ಎಂಬಷ್ಟನ್ನು ಹೇಳಬಲ್ಲೆ. ಉಳಿದದ್ದು ಸದ್ಯಕ್ಕೆ ನನ್ನ ಹೊಟ್ಟೆಪಾಡು. ಅಂಗಡಿಗಳಿಂದ ಪಡೆಯುವ ಕೊಟೇಶನ್ನಿನಲ್ಲಿ ಮಾತ್ರ ಒಂದು ಸಾಲನ್ನು ಈಗ ತಪ್ಪದೆ ಸೇರಿಸುತ್ತೇನೆ: ಕ್ಯಾಟ್ 6 ಪೆಟ್ಟಿಗೆಯ ಯಾವುದೇ ತಂತಿ 22 ಓಮ್ ಮೀರಿದರೆ ಮಾಲು ವಾಪಸ್. ತಗಡಿನ ಸೂರಿನಡಿ ಬೇಸಿಗೆಯಲ್ಲಿ ಅಳೆದರೆ ತಾಮ್ರದ ಓಮ್ ಪ್ರತಿ ಹತ್ತು ಡಿಗ್ರಿಗೆ ಶೇಕಡಾ ನಾಲ್ಕರಷ್ಟು ಏರುವುದರಿಂದ ಆ ಎರಡು ಓಮ್ ಸಡಿಲ ಬಿಟ್ಟಿದ್ದೇನೆ. ಈ ಸಾಲನ್ನು ಓದಿ ಸುಮ್ಮನೆ ಸಹಿ ಹಾಕುವ ಅಂಗಡಿಗಳು ಈಗ ಎರಡಿವೆ.